ಇಬ್ಬರು ನೀಲವ್ವರು, ಒಂದು ದಾಖಲೆ

ನನ್ನ ಕೆಲಸ ಏನೆಂದು ನನ್ನ ಹೆಂಡತಿಗೆ ಕೊನೆಯವರೆಗೂ ಗೊತ್ತಾಗಲಿಲ್ಲ. ಮಗಳನ್ನು ನೋಡಲು ಗಂಡಿನ ಕಡೆಯವರು ಬಂದಾಗ "ಯಜಮಾನ್ರು ಏನ್ ಮಾಡ್ತಾರ್ರಿ?" ಎಂದು ಕೇಳಿದರು. ಅವಳು "ದವಾಖಾನಿ ಕಂಪ್ಯೂಟರಿಗೆ ಸಲಹಾ ಕೊಡ್ತಾರ್ರಿ" ಎಂದಳು. ಬೀಗರಾಗುವವರು ಚಹಾ ಮುಗಿಯುವವರೆಗೆ ಯೋಚಿಸಿ, "ಅದು ಕೇಳ್ತೈತೇನ್ರಿ?" ಎಂದರು. ಹನ್ನೊಂದು ವರ್ಷ ಈ ಕೆಲಸ ಮಾಡಿ ಮನೆಯಲ್ಲಿ ಕುಳಿತಿರುವ ನನಗೆ ಈಗ ಅನ್ನಿಸುತ್ತದೆ, ನನ್ನ ವೃತ್ತಿಯ ಬಗ್ಗೆ ಜನ ಕೇಳಿದ ಪ್ರಶ್ನೆಗಳಲ್ಲಿ ಅದೊಂದೇ ಸರಿಯಾಗಿತ್ತು.

ಈಗ ಇದೇ ಕೆಲಸಕ್ಕೆ ಹೊಸಬರು ಸೇರುತ್ತಿದ್ದಾರೆ. ಇಬ್ಬರು ಮೂವರು ರೋಣದ ನನ್ನ ಮನೆಗೂ ಬಂದು ಹೋಗಿದ್ದಾರೆ. ಬಡ್ತಿ ಹೇಗೆ ಸಿಗುತ್ತದೆ ಎಂದು ಕೇಳುತ್ತಾರೆ. ನನಗೆ ಎರಡು ಸಲ ಸಿಕ್ಕಿತು, ಎರಡು ಸಲವೂ ಕುರ್ಚಿ ಬದಲಾಯಿತು, ಹೇಳಿಕೊಳ್ಳುವಂಥದ್ದು ಅಷ್ಟೇ. ಉಳಿದದ್ದನ್ನು ಬರೆದಿಡುತ್ತೇನೆ.

ಕೆಲಸ ಇಷ್ಟು. ರಾಜೂರಿನಲ್ಲಿ ಬಿಪಿ ತೋರಿಸಿಕೊಂಡ ಮನುಷ್ಯ ನರಗುಂದದ ಸಂತೆಯಲ್ಲಿ ತಲೆ ಸುತ್ತಿ ಬಿದ್ದರೆ, ಅಲ್ಲಿಯ ಡಾಕ್ಟರಿಗೆ ಇವನು ಯಾವ ಮಾತ್ರೆ ನುಂಗುತ್ತಿದ್ದ ಎಂದು ತಿಳಿಯಬೇಕು. ಅದಕ್ಕಾಗಿ ರೋಣ, ನರಗುಂದ, ಗಜೇಂದ್ರಗಡ ಈ ಮೂರು ತಾಲೂಕಿನ ದವಾಖಾನೆಗಳ ದಾಖಲೆಗಳನ್ನು ಒಂದಕ್ಕೊಂದು ಕಾಣುವಂತೆ ಜೋಡಿಸಬೇಕು. ಹೇಗೆ ಜೋಡಿಸಬೇಕು, ಯಾರು ಯಾರದನ್ನು ನೋಡಬಹುದು, ಹೊರಗಿನ ನೆರವು ನಿಂತ ಮೇಲೂ ಅದು ನಡೆಯುವುದು ಹೇಗೆ ಎಂದು ಸಲಹೆ ಕೊಡಲು ಹುಬ್ಬಳ್ಳಿಯಲ್ಲಿ ಒಂದು ಸಣ್ಣ ಕಂಪನಿ ಇತ್ತು. ನಾನು ಅದಕ್ಕೂ ಮುಂಚೆ ಇಪ್ಪತ್ತು ವರ್ಷ ಒಂದು ಖಾಸಗಿ ದವಾಖಾನೆಯಲ್ಲಿ ರಿಜಿಸ್ಟರ್ ಬರೆಯುತ್ತಿದ್ದವನು. ಊರು ರೋಣ, ಜನರ ಪರಿಚಯ ಇದೆ ಎಂದು ಕರೆದು ಸಲಹೆಗಾರ ಎಂಬ ಹೆಸರು ಕೊಟ್ಟರು. ಜೊತೆಗೆ ಒಂದು ರಬ್ಬರ್ ಮೊಹರನ್ನೂ ಕೊಟ್ಟರು. ಈ ಮೊಹರು ಮುಂದೆ ಬರುತ್ತದೆ, ನೆನಪಿನಲ್ಲಿರಲಿ.

ಮೊದಲ ಸಭೆಯಲ್ಲಿ ಪರದೆಯ ಮೇಲೆ ಒಂದು ಚಿತ್ರ ತೋರಿಸಿದೆ. ಮಧ್ಯದಲ್ಲಿ ಒಂದು ದೊಡ್ಡ ಮೋಡ, ಸುತ್ತ ದವಾಖಾನೆಗಳು, ಎಲ್ಲ ಕಡೆಯಿಂದ ಮೋಡಕ್ಕೆ ಬಾಣಗಳು. ಹಿಂದಿನ ಸಾಲಿನಲ್ಲಿ ಕುಳಿತಿದ್ದ ಹೆಣ್ಣುಮಗಳೊಬ್ಬಳು ಕೈ ಎತ್ತಿದಳು. ಹೊಳೆಮಣ್ಣೂರಿನಲ್ಲಿ ಮನೆಮನೆ ತಿರುಗಿ ಬಸುರಿ ಬಾಣಂತಿಯರನ್ನು ನೋಡುವ ನರ್ಸು, ಗಿರಿಜಾ ಸಿಸ್ಟರ್. "ಸರ್, ನಮ್ಮ ಊರಾಗ ಈ ಚಿತ್ರ ತೋರಿಸಬ್ಯಾಡ್ರಿ. ಮ್ಯಾಲೆ ಇಷ್ಟು ದೊಡ್ಡ ಮೋಡ ಕಂಡ್ರ ಮಂದಿ ಗಂಟು ಕಟ್ಟಾಕ ಸುರು ಮಾಡ್ತಾರ." ಮಲಪ್ರಭೆ ಆ ಊರಿಗೆ ಎಷ್ಟು ಸಲ ನುಗ್ಗಿದ್ದಾಳೆ ಎಂಬುದನ್ನು ಬಲ್ಲವರೆಲ್ಲ ನಕ್ಕರು. ನಾನು ಮೋಡ ತೆಗೆದು ಅಲ್ಲಿ ಒಂದು ಕಪಾಟಿನ ಚಿತ್ರ ಹಾಕಿದೆ. ನಾನು ಕೊಟ್ಟ ಸಲಹೆಗಳಿಗಿಂತ ಪಡೆದ ಸಲಹೆಗಳು ಹೆಚ್ಚು ಕೆಲಸಕ್ಕೆ ಬಂದವು, ಅದು ಅಲ್ಲಿಂದಲೇ ಶುರುವಾಯಿತು.

ಗಜೇಂದ್ರಗಡದಲ್ಲಿ ಒಬ್ಬ ಹಿರಿಯ ಡಾಕ್ಟರು ಮೂರು ತಿಂಗಳು ನನಗೆ ಚಹಾ ಕುಡಿಸಿದರು, ತಮ್ಮ ದಾಖಲೆ ಜೋಡಿಸಲು ಸಹಿ ಹಾಕಲಿಲ್ಲ. ಕೊನೆಗೆ ಒಂದು ದಿನ ಬಾಯಿ ಬಿಟ್ಟರು. "ನನ್ನ ಪೇಶಂಟು ಬಾಜೂ ದವಾಖಾನಿಗೆ ಹೋಗಿದ್ದು ನನಗ ಗೊತ್ತಾಗ್ತೈತಿ, ಹೌದಲ್ಲ? ಇಷ್ಟ ವರ್ಷ ಗೊತ್ತಿಲ್ಲದ ಆರಾಮ ಅದೀನಿ." ಯಂತ್ರ ಯಾರಿಗೂ ಬೇಡವಾಗಿರಲಿಲ್ಲ. ಅದು ಹೇಳುವ ಸಂಗತಿ ಕೆಲವರಿಗೆ ಬೇಡವಾಗಿತ್ತು. ಹೊಸಬರು ಇದನ್ನು ಮೊದಲ ವಾರವೇ ತಿಳಿದುಕೊಂಡರೆ ಮೂರು ತಿಂಗಳ ಚಹಾ ಉಳಿಯುತ್ತದೆ.

ದೊಡ್ಡ ತೊಡಕು ಬೇರೆಯೇ ಇತ್ತು. ಒಬ್ಬ ಮನುಷ್ಯನ ದಾಖಲೆ ನಾಲ್ಕು ಕಡೆ ಇದ್ದರೆ, ಆ ನಾಲ್ವರೂ ಒಬ್ಬನೇ ಎಂದು ಗುರುತಿಸುವುದು ಹೇಗೆ? ಪುಸ್ತಕದಲ್ಲಿ ಬರೆದ ಉತ್ತರ ಸುಲಭ. ಹೆಸರು, ತಂದೆ ಅಥವಾ ಗಂಡನ ಹೆಸರು, ಹುಟ್ಟಿದ ದಿನ, ಫೋನ್ ನಂಬರು, ಊರು ಹೊಂದಿದರೆ ಒಬ್ಬನೇ. ಪುಸ್ತಕ ಬರೆದವರು ನಮ್ಮ ಕಡೆಗೆ ಬಂದವರಲ್ಲ.

ಹುಟ್ಟಿದ ದಿನ ನೋಡಿ. ನಮ್ಮ ಕಡೆ ಅರ್ಧಕ್ಕರ್ಧ ಜನ ಜೂನ್ ಒಂದಕ್ಕೆ ಹುಟ್ಟಿದವರು. ಶಾಲೆಗೆ ಹೆಸರು ಹಚ್ಚಲು ಹೋದಾಗ ತಂದೆಗೆ ದಿನ ನೆನಪಿರುವುದಿಲ್ಲ, ಮಾಸ್ತರರು ವಯಸ್ಸು ಕೂಡುವ ಹಾಗೆ ಜೂನ್ ಒಂದು ಬರೆದುಕೊಳ್ಳುತ್ತಾರೆ. ನಾನೂ ಜೂನ್ ಒಂದರವನೇ. ಅವ್ವ ಬನ್ನಿ ಹಬ್ಬದ ಆಚೆ ಈಚೆ ಎನ್ನುತ್ತಿದ್ದಳು.

ಫೋನ್ ನಂಬರು ಇನ್ನೊಂದು ಕಥೆ. ಹೊಳೆಮಣ್ಣೂರಿನ ಒಂದು ಓಣಿಯ ಮೂವತ್ತು ನಲವತ್ತು ಜನ ಒಂದೇ ನಂಬರು ಬರೆಸಿದ್ದರು. ಹೋಗಿ ನೋಡಿದರೆ ಅದು ಹಿಟ್ಟಿನ ಗಿರಣಿ ಇಟ್ಟುಕೊಂಡಿದ್ದ ಹುಸೇನಸಾಬರದು. ಹೊಲಕ್ಕೆ ಹೋದವರು ಫೋನ್ ಎತ್ತುವುದಿಲ್ಲ, ಹುಸೇನಸಾಬರು ಎತ್ತುತ್ತಾರೆ, ಆದ್ದರಿಂದ ಎಲ್ಲರೂ ಅವರದನ್ನೇ ಕೊಟ್ಟಿದ್ದರು. ದವಾಖಾನೆಯಲ್ಲಿ ಯಾರದಾದರೂ ದಾಖಲೆ ತೆರೆಯಬೇಕಾದರೆ ಒಪ್ಪಿಗೆ ಕೇಳುವ ಆರು ಅಂಕಿ ಗಿರಣಿಗೆ ಬರುತ್ತಿತ್ತು. ಅವರು ಗಿರಣಿ ಬಂದ್ ಮಾಡಿ, ಹೊರಗೆ ಬಂದು, ಓಣಿಗೆಲ್ಲ ಕೇಳುವ ಹಾಗೆ ಕೂಗುತ್ತಿದ್ದರು. "ಯಾರ್ದು ಶುಗರ್ ತಪಾಸಣಿ ನಡದೈತಿ ನೋಡ್ರಪಾ!" ಗೌಪ್ಯತೆಯ ಬಗ್ಗೆ ನಮ್ಮ ಯೋಜನೆಯಲ್ಲಿ ಹನ್ನೆರಡು ಪುಟ ಇದ್ದವು.

ನಮ್ಮ ಮುಖ್ಯಸ್ಥರು ಹುಬ್ಬಳ್ಳಿಯಲ್ಲಿ ಕೂರುತ್ತಿದ್ದರು. ಕೆಟ್ಟವರಲ್ಲ, ಆದರೆ ಬಣ್ಣದ ಮೇಲೆ ಬಹಳ ನಂಬಿಕೆ. ಅವರ ಪರದೆಯ ಮೇಲೆ ಎಲ್ಲ ಅಂಕಿಗಳೂ ಹಸಿರಾಗಿರಬೇಕು. ಒಬ್ಬನಿಗೆ ಎರಡು ಮೂರು ದಾಖಲೆ ಇರುವ ಲೆಕ್ಕ ಮಾತ್ರ ಕೆಂಪಾಗಿಯೇ ಇತ್ತು. "ಏನರ ಮಾಡ್ರಿ, ಆದ್ರ ಇದು ಹಸರ ಆಗಬೇಕ್ರಿ" ಎಂದು ವಾರಕ್ಕೆರಡು ಸಲ ಫೋನು ಮಾಡುತ್ತಿದ್ದರು. ಕೆಂಪಿಗೆ ಮುಖ್ಯ ಕಾರಣ ಮದುವೆಯಾದ ಹೆಣ್ಣುಮಕ್ಕಳು. ತವರಿನಲ್ಲಿ ತಂದೆಯ ಹೆಸರು, ಗಂಡನ ಊರಿನಲ್ಲಿ ಗಂಡನ ಹೆಸರು. ಗಂಡನ ಊರಿನಲ್ಲಿ ಬಸುರಿ ತಪಾಸಣೆ, ತವರಿನಲ್ಲಿ ಚೊಚ್ಚಲ ಹೆರಿಗೆ. ಹೀಗಾಗಿ ಒಬ್ಬಳೇ ಹೆಣ್ಣುಮಗಳು ಇಬ್ಬರಾಗುತ್ತಿದ್ದಳು.

ನಾನು ಯೋಚಿಸಿ ಒಂದು ಉಪಾಯ ತೆಗೆದೆ. ತಂದೆ ಅಥವಾ ಗಂಡನ ಹೆಸರನ್ನು ಹೊಂದಾಣಿಕೆಯಿಂದ ಬಿಟ್ಟುಬಿಡುವುದು. ಹೆಸರು, ಹುಟ್ಟಿದ ದಿನ, ಫೋನು, ತವರೂರು ಈ ನಾಲ್ಕು ಕೂಡಿದರೆ ಸಾಕು, ಎರಡು ದಾಖಲೆಗಳನ್ನು ಒಂದು ಮಾಡುವುದು. ಒಂದೇ ವಾರದಲ್ಲಿ ಅಂಕಿ ಹಸಿರಾಯಿತು. ಮುಖ್ಯಸ್ಥರು ಕಚೇರಿಗೆಲ್ಲ ಪೇಡೆ ಹಂಚಿದರು. ಜೂನ್ ಒಂದು ಮತ್ತು ಹುಸೇನಸಾಬರ ನಂಬರು ಎರಡೂ ಗೊತ್ತಿದ್ದ ಏಕೈಕ ಮನುಷ್ಯ ನಾನು, ನಾನೂ ಎರಡು ಪೇಡೆ ತಿಂದೆ.

ಅದೇ ಹುರುಪಿನಲ್ಲಿ ನರ್ಸುಗಳ ನೋಟಬುಕ್ಕುಗಳನ್ನು ಜಮಾ ಮಾಡಿಸಿದೆ. ಪ್ರತಿಯೊಬ್ಬರ ಹತ್ತಿರ ಒಂದು ಸ್ವಂತದ ಬುಕ್ಕು ಇರುತ್ತಿತ್ತು. ನಾವು ಕೊಟ್ಟ ಟ್ಯಾಬಿನಲ್ಲಿ ಬರೆದದ್ದನ್ನೇ ಅದರಲ್ಲೂ ಬರೆಯುವುದು ಎರಡೆರಡು ಕೆಲಸ ಎಂದು ಸಲಹೆ ಕೊಟ್ಟೆ. ಎಲ್ಲರೂ ಸಂತೋಷದಿಂದ ಕೊಟ್ಟರು. ಗಿರಿಜಾ ಸಿಸ್ಟರ್ ಮಾತ್ರ ತನ್ನ ಬುಕ್ಕನ್ನು ಎದೆಗೆ ಒತ್ತಿಕೊಂಡು ನಿಂತಳು. ಹಳೆಯ ಕ್ಯಾಲೆಂಡರಿನ ಹಾಳೆ ಸುತ್ತಿದ ದಪ್ಪ ಬುಕ್ಕು. ತೆರೆದು ನೋಡಿದೆ. ಹೆಸರಿನ ಪ್ರಕಾರ ಇರಲಿಲ್ಲ, ಮನೆಯ ಪ್ರಕಾರ ಇತ್ತು. ಬೇವಿನ ಗಿಡದ ಮನೆ, ಹಸಿರು ಬಾಗಿಲದ ಮನೆ, ಗಿರಣಿ ಹಿಂದಿನ ಮನೆ. ಒಂದೊಂದು ಮನೆಗೆ ಎರಡು ಮೂರು ಪುಟ.

"ಇದನ್ನ ಕಂಪ್ಯೂಟರಿನಾಗ ಹ್ಯಾಂಗ ಹುಡುಕೂದು?" ಎಂದೆ.

"ಇದನ್ನ ಹುಡುಕಾಕ ಬರದಿಲ್ಲ ಸರ್. ಮನಿಗೆ ಹೋಗಾಕ ಬರದೈತಿ" ಎಂದಳು. ಕೊನೆಗೆ ಕೊಟ್ಟಳು. ಕೊಡುವ ಮುಂಚೆ ನನ್ನಿಂದ ರಸೀದಿ ಬರೆಸಿಕೊಂಡಳು, ಕೆಳಗೆ ಮೊಹರೂ ಹೊಡೆಸಿದಳು. ಬುಕ್ಕುಗಳನ್ನೆಲ್ಲ ರೋಣದ ನಮ್ಮ ಬಾಡಿಗೆ ಕೋಣೆಯ ಕಪಾಟಿನಲ್ಲಿಟ್ಟು ಕೀಲಿ ಹಾಕಿದೆ.

ಆಮೇಲೆ ಊರೂರು ತಿರುಗಿ ಭಾಷಣ ಮಾಡಿದೆ. ಹೊಳೆಮಣ್ಣೂರಿನಲ್ಲಿ ಮಾಡಿದ್ದು ಚೆನ್ನಾಗಿ ನೆನಪಿದೆ. "ಇನ್ನ ಮ್ಯಾಲೆ ಕಾಗದ ಹೊತಗೊಂಡು ತಿರುಗೂದು ಬ್ಯಾಡ್ರಿ. ಹೊಳಿ ಬಂದು ಬಸುರಿ ತಪಾಸಣಿ ಬರೆಯೂ ತಾಯಿ ಕಾರ್ಡ್ ಒಯ್ದ್ರೂ ಚಿಂತಿಲ್ಲ. ಎಲ್ಲಾ ಒಳಗ ಐತಿ." ರಾಜೂರಿನಲ್ಲಿ ಇನ್ನೂ ಒಂದು ಹೆಜ್ಜೆ ಮುಂದೆ ಹೋದೆ. "ಕಾಗದ ಸುಳ್ಳು ಹೇಳಬಹುದು, ಇದು ಹೇಳೂದಿಲ್ಲ." ಚಪ್ಪಾಳೆ ಬಿತ್ತು. ಚಪ್ಪಾಳೆ ಬಿದ್ದ ಮಾತುಗಳನ್ನು ನಮ್ಮ ವೃತ್ತಿಯಲ್ಲಿ ಮನೆಗೆ ಬಂದು ಇನ್ನೊಮ್ಮೆ ಪರೀಕ್ಷಿಸಬೇಕು.

ಆ ವರ್ಷ ಹೊಳೆ ಬಂತು. ಹೊಳೆಮಣ್ಣೂರು, ಹೊಳೆಆಲೂರು ಕಡೆಯ ಜನರಲ್ಲಿ ಒಂದಷ್ಟು ಮಂದಿಯನ್ನು ರೋಣದ ಒಂದು ಶಾಲೆಗೆ ತಂದು ಕಾಳಜಿ ಕೇಂದ್ರ ತೆರೆದರು. ಮುಖ್ಯಸ್ಥರ ಫೋನು ಬಂತು. "ಇದ ಚಾನ್ಸ್ ಐತ್ರಿ. ಕಾರ್ಡಿಲ್ಲ, ಕಾಗದಿಲ್ಲ, ಆದ್ರೂ ದಾಖಲೆ ತೆಗದು ತೋರಿಸ್ರಿ. ಫೋಟೋ ಕಳಸ್ರಿ." ಶಾಲೆಯ ವರಾಂಡದಲ್ಲಿ ಮೇಜು ಹಾಕಿ ಲ್ಯಾಪ್‌ಟಾಪ್ ಇಟ್ಟುಕೊಂಡು ಕುಳಿತೆ. ಪಕ್ಕದಲ್ಲಿ ಒಬ್ಬ ಡಾಕ್ಟರಮ್ಮ ತಪಾಸಣೆ ಮಾಡುತ್ತಿದ್ದರು. ನಾನು ಹೆಸರು ಕೇಳಿ ದಾಖಲೆ ತೆಗೆದು, ಸುತ್ತಲಿನವರಿಗೂ ತಿಳಿಯಲಿ ಎಂದು ದೊಡ್ಡ ದನಿಯಲ್ಲಿ ಓದುತ್ತಿದ್ದೆ. ಯಾರೂ ಹಾಗೆ ಓದಲು ಹೇಳಿರಲಿಲ್ಲ. ಅದು ನನ್ನ ಸ್ವಂತ ಸಲಹೆ.

ಮಧ್ಯಾಹ್ನದ ಹೊತ್ತಿಗೆ ತುಂಬಿದ ಬಸುರಿಯೊಬ್ಬಳು ಬಂದಳು. ಹೆಸರು ನೀಲವ್ವ. ವಯಸ್ಸು ಇಪ್ಪತ್ತರ ಮೇಲೆ ಒಂದೆರಡು. ರಾಜೂರಿಗೆ ಕೊಟ್ಟು ಒಂದು ವರ್ಷವಾಗಿತ್ತು. ಸೀಮಂತದ ಕುಬಸ ಮುಗಿಸಿ ಚೊಚ್ಚಲ ಹೆರಿಗೆಗೆಂದು ತವರಿಗೆ ಬಂದವಳನ್ನು ಹೊಳೆ ಎಬ್ಬಿಸಿತ್ತು. ಜೊತೆಗೆ ತಂದೆ ಯಲ್ಲಪ್ಪ ಇದ್ದ. ಇನ್ನೊಬ್ಬರು ಅವಳ ಅತ್ತೆ ಕಲ್ಲವ್ವ. ನೀರು ಬಂದ ಸುದ್ದಿ ಕೇಳಿ ಸೊಸೆ ಹೇಗಿದ್ದಾಳೋ ಎಂದು ರಾಜೂರಿನಿಂದ ರೊಟ್ಟಿ ಬುತ್ತಿ ಕಟ್ಟಿಕೊಂಡು ಆಗಷ್ಟೇ ಬಂದಿಳಿದಿದ್ದರು. ಸೊಸೆಯನ್ನು ನೋಡಲು ಅಷ್ಟು ದೂರ ಬುತ್ತಿ ಹೊತ್ತು ಬಂದ ಅತ್ತೆ ಎಂಬುದನ್ನು ಓದುವವರು ಮರೆಯಬಾರದು.

ನಾಲ್ಕು ವಿವರ ಹಾಕಿದೆ, ನೆರೆಯ ತುರ್ತೆಂದು ಒಪ್ಪಿಗೆಯ ಆರು ಅಂಕಿಯನ್ನು ಆ ವಾರ ಬಿಟ್ಟಿದ್ದರು. ದಾಖಲೆ ಕಣ್ಣು ಮಿಟುಕಿಸುವಷ್ಟರಲ್ಲಿ ತೆರೆಯಿತು. ಓದಿದೆ. "ನೀಲವ್ವ. ರಕ್ತದ ಗುಂಪು ಬಿ ಪಾಸಿಟಿವ್. ಎರಡನೇ ಬಸಿರು. ಮೊದಲನೇ ಹೆರಿಗೆ ಎರಡು ವರ್ಷದ ಹಿಂದೆ, ನರಗುಂದದಲ್ಲಿ. ಗಂಡು ಮಗು. ತಾಯಿ ಮಗು ಇಬ್ಬರೂ ಆರೋಗ್ಯ."

ವರಾಂಡದಲ್ಲಿದ್ದವರೆಲ್ಲ ನನ್ನ ಕಡೆ ತಿರುಗಿದರು. ನಾನು ಅದನ್ನು ಮೆಚ್ಚುಗೆ ಎಂದುಕೊಂಡು ಫೋಟೋ ತೆಗೆಯಲು ಫೋನ್ ಹುಡುಕುತ್ತಿದ್ದೆ.

ಕಲ್ಲವ್ವ ಬುತ್ತಿ ಕೆಳಗಿಟ್ಟರು. "ಏನಂದ್ರಿ? ಇನ್ನೊಮ್ಮಿ ಓದ್ರಿ."

ನಾನು ಇನ್ನೊಮ್ಮೆ ಓದಿದೆ. ಇದನ್ನು ಬರೆಯುವಾಗಲೂ ನನಗೆ ಬೆವರುತ್ತದೆ.

"ಮದಿವ್ಯಾಗಿ ವರ್ಷ ಆತು. ಎರಡು ವರ್ಷದ ಕೂಸು ಎಲ್ಲಿಂದ ಬಂತು?" ಎಂದರು ಕಲ್ಲವ್ವ. ಸೊಸೆಯನ್ನು ಕೇಳಲಿಲ್ಲ, ಯಲ್ಲಪ್ಪನನ್ನು ಕೇಳಿದರು. ಯಲ್ಲಪ್ಪ ನನ್ನ ಮುಖ ನೋಡಿದ. ಮೇಜಿನ ಅಂಚು ಹಿಡಿದು ನಿಂತ ನೀಲವ್ವನ ಬೆರಳು ಬೆಳ್ಳಗಾದದ್ದು ನನಗೆ ಕಾಣುತ್ತಿತ್ತು. ಡಾಕ್ಟರಮ್ಮ ಎದ್ದು ಬಂದು ಅವಳನ್ನು ಕುರ್ಚಿಯ ಮೇಲೆ ಕೂರಿಸಿದರು.

"ಯವ್ವಾ, ಇದು ಮಷೀನಿನ ತಪ್ಪು" ಎಂದೆ.

"ನಮ್ಮ ಊರಿಗೆ ಬಂದು ಏನ್ ಹೇಳಿದ್ರಿ? ಕಾಗದ ಸುಳ್ಳು ಹೇಳ್ತೈತಿ, ಇದು ಹೇಳೂದಿಲ್ಲ ಅಂದ್ರಿ. ನಾನ ಮುಂದ ಕುಂತಿದ್ದೆ. ಚಪ್ಪಾಳಿ ಹೊಡದೀನಿ."

ಕಲ್ಲವ್ವ ಬುತ್ತಿಯ ಗಂಟನ್ನು ಮತ್ತೆ ಎತ್ತಿಕೊಂಡರು. "ಇದು ತಿಳಿಯೂತನಕ ಸೊಸಿ ತವರಮನ್ಯಾಗ ಇರಲಿ. ನನ್ನ ಮನಿ ಹೊಸ್ತಿಲಾ ತುಳಿಯೂದು ಬ್ಯಾಡ" ಎಂದರು. ತವರುಮನೆ ಆಗ ನೀರಿನೊಳಗಿತ್ತು. ಅದು ಅವರಿಗೂ ನೆನಪಾಗಿರಬೇಕು, ಹೊರಡಲಿಲ್ಲ, ವರಾಂಡದ ಇನ್ನೊಂದು ತುದಿಗೆ ಹೋಗಿ ಬೆನ್ನು ತಿರುಗಿಸಿ ಕುಳಿತರು.

ಯಲ್ಲಪ್ಪ ನನ್ನ ಹತ್ತಿರ ಬಂದು ಮೆಲ್ಲಗೆ, ಸಿಟ್ಟಿಲ್ಲದೆ ಹೇಳಿದ. "ತಾಯಿ ಕಾರ್ಡ್ ಗ್ವಾಡಿ ಮಾಡದಾಗ ಇಟ್ಟಿತ್ರಿ ಸಾಹೇಬ್ರ. ಕೈಗೆ ತಗೊಂಡಿದ್ದೆ. ಎಲ್ಲಾ ಒಳಗ ಐತಿ ಅಂತ ನೀವು ಹೇಳಿದ್ದು ನೆನಪಾತು. ಮತ್ತ ಅಲ್ಲೇ ಇಟ್ಟು ಬಂದೆ." ಬೈದಿದ್ದರೆ ಚೆನ್ನಾಗಿತ್ತು. ಇಷ್ಟು ವರ್ಷಗಳಲ್ಲಿ ಮೇಲಿನವರಿಂದ ಬಹಳ ಬೈಸಿಕೊಂಡಿದ್ದೇನೆ, ಒಂದೂ ನೆನಪಿಲ್ಲ. ಈ ಮಾತು ಮಾತ್ರ ಹೋಗಿಲ್ಲ.

ಗಿರಿಜಾ ಸಿಸ್ಟರ್ ಅಷ್ಟರಲ್ಲಿ ಊರಿನ ಕೊನೆಯ ಜನರ ಜೊತೆ ಟ್ರ್ಯಾಕ್ಟರಿನಲ್ಲಿ ಬಂದಿಳಿದಳು. ವಿಷಯ ಕೇಳಿದಳು. ನನ್ನ ಪರದೆ ನೋಡಲೇ ಇಲ್ಲ. ಪರ್ಸಿನಿಂದ ಒಂದು ಚೀಟಿ ತೆಗೆದು ಮೇಜಿನ ಮೇಲಿಟ್ಟಳು. ನಾನೇ ಬರೆದುಕೊಟ್ಟ ರಸೀದಿ, ನನ್ನದೇ ಮೊಹರು. "ನನ್ನ ಬುಕ್ಕು ಕೊಡ್ರಿ."

ಕೋಣೆಗೆ ಹೋಗಿ ಕಪಾಟು ತೆಗೆದು ತಂದುಕೊಟ್ಟೆ. ಅವಳು ಹುಡುಕಲಿಲ್ಲ, ಒಂದೇ ಸಲಕ್ಕೆ ಪುಟ ತೆರೆದಳು. ಗಿರಣಿ ಹಿಂದಿನ ಮನೆ. ಯಲ್ಲಪ್ಪ ಮತ್ತು ಅವನ ಅಣ್ಣ ಇಬ್ಬರೂ ಅಲ್ಲೇ ಕೂಡಿ ಇರುವವರು. ಅವರ ತಾಯಿಯ ಹೆಸರು ನೀಲವ್ವ. ಮುದುಕಿಯ ಹೆಸರನ್ನು ಇಬ್ಬರೂ ತಮ್ಮ ತಮ್ಮ ಮೊದಲ ಮಗಳಿಗೆ ಇಟ್ಟಿದ್ದರು. ನಮ್ಮ ಕಡೆ ಅದು ಪದ್ಧತಿ, ಇಡದಿದ್ದರೆ ಮುದುಕಿ ಮುನಿಸಿಕೊಳ್ಳುತ್ತಾಳೆ. ಇಬ್ಬರನ್ನೂ ಒಂದೇ ದಿನ ಶಾಲೆಗೆ ಹಚ್ಚಿದ್ದರು, ಮಾಸ್ತರರು ಇಬ್ಬರಿಗೂ ಒಂದೇ ವರ್ಷದ ಜೂನ್ ಒಂದು ಬರೆದಿದ್ದರು. ಇಬ್ಬರೂ ಕೊಟ್ಟದ್ದು ಗಿರಣಿಯ ನಂಬರು. ಸಿಸ್ಟರ್ ಬರೆದದ್ದು ಹೀಗಿತ್ತು: ದೊಡ್ಡ ನೀಲವ್ವ, ನರಗುಂದಕ್ಕೆ ಕೊಟ್ಟಾರೆ, ಗಂಡ ಟೇಲರ್, ಗಂಡು ಕೂಸು, ಬಿ ಪಾಸಿಟಿವ್. ಸಣ್ಣ ನೀಲವ್ವ, ರಾಜೂರಿಗೆ ಕೊಟ್ಟಾರೆ, ಓ ನೆಗೆಟಿವ್, ಚೊಚ್ಚಲ, ಜ್ವಾಕಿ.

ಹೊಂದಾಣಿಕೆಯಲ್ಲಿ ಇಬ್ಬರನ್ನೂ ಬೇರೆ ತೋರಿಸುತ್ತಿದ್ದ ಒಂದೇ ಒಂದು ವಿವರ ತಂದೆ, ಗಂಡನ ಹೆಸರು. ಅದನ್ನೇ ನಾನು ತೆಗೆದಿದ್ದೆ.

ಡಾಕ್ಟರಮ್ಮ ಅಲ್ಲೇ ಬೆರಳು ಚುಚ್ಚಿ ರಕ್ತ ನೋಡಿದರು. ಓ ನೆಗೆಟಿವ್. ಮೊದಲು ತಮ್ಮ ಕೆಲಸ ಮಾಡಿದರು, ಇವಳಿಗೆ ಹೆರಿಗೆ ಗದಗಿನಲ್ಲೇ ಆಗಬೇಕು, ಈ ಗುಂಪಿನ ರಕ್ತ ಮುಂಚೆಯೇ ತಯಾರಿರಬೇಕು ಎಂದು ಬರೆದರು. ಆಮೇಲೆ ಕಲ್ಲವ್ವನ ಹತ್ತಿರ ಹೋಗಿ, ಮದುವೆಯಾದರೂ ಊರು ಬಿಟ್ಟರೂ ರಕ್ತದ ಗುಂಪು ಬದಲಾಗುವುದಿಲ್ಲ, ಆದ್ದರಿಂದ ಪರದೆಯ ಮೇಲಿನವಳು ಬೇರೆ, ಇವಳು ಬೇರೆ ಎಂದು ಬಿಡಿಸಿ ಹೇಳಿದರು.

"ನನಗ ಎಲ್ಲಾರ ರಕ್ತನೂ ಕೆಂಪ ಕಾಣ್ತೈತ್ರಿ ಡಾಕ್ಟರ್ ಬಾಯಾರ" ಎಂದರು ಕಲ್ಲವ್ವ. ಸಿಸ್ಟರ್ ಬುಕ್ಕು ತೋರಿಸಿದಳು. "ನಿನ್ನ ಬುಕ್ಕಿನಾಗ ನೀ ಬರದಿ. ಅವ್ರ ಪೆಟಗ್ಯಾಗ ಅವ್ರು ಬರದಾರ. ಯಾವುದನ್ನ ನಂಬಲಿ? ಇನ್ನೊಬ್ಬಾಕಿ ಇದ್ರ ಕಣ್ಣಿಗೆ ಕಾಣಬೇಕು."

ನ್ಯಾಯವಾದ ಮಾತು. ಸೊಸೆಗೆ ದೊಡ್ಡಪ್ಪನ ಮಗಳು ಅಕ್ಕ ಒಬ್ಬಳಿದ್ದಾಳೆ ಎಂಬುದು ಅವರಿಗೆ ಗೊತ್ತಿರಲಿಲ್ಲವೇ ಎಂದು ನೀವು ಕೇಳಬಹುದು. ಗೊತ್ತಿತ್ತು. ಅವಳನ್ನು ಮನೆಯಲ್ಲಿ ಎಲ್ಲರೂ ಅಕ್ಕವ್ವ ಎನ್ನುತ್ತಿದ್ದರು. ಅವಳ ಹೆಸರೂ ನೀಲವ್ವ ಎಂದು ಈಗ ತವರಿನವರು ಹೇಳಿದರೆ ಅದು ಹೊಸದಾಗಿ ಹೊಲಿದ ಮಾತಿನಂತೆಯೇ ಕೇಳಿಸುತ್ತದೆ.

ನರಗುಂದಕ್ಕೆ ಆ ದಿನ ಹೋಗಲಾಗಲಿಲ್ಲ, ಬೆಣ್ಣಿಹಳ್ಳದ ನೀರು ರಸ್ತೆಗೆ ಬಂದಿತ್ತು. ಮರುದಿನ ನೀರು ಇಳಿದ ಕೂಡಲೇ ಜೀಪು ಮಾಡಿಕೊಂಡು ಹೋದೆ. ದೊಡ್ಡ ನೀಲವ್ವ ಕಥೆ ಕೇಳಿ ಮೊದಲು ನಕ್ಕಳು. ಪೂರ್ತಿ ಕೇಳಿದ ಮೇಲೆ ಮುಖ ಕೆಂಪಗೆ ಮಾಡಿಕೊಂಡಳು. "ನಾ ಹಡದ ಮಗನ್ನ ನನ್ನ ತಂಗಿ ಲೆಕ್ಕಕ್ಕ ಹಚ್ಚೀರೇನ್ರಿ? ಅಕಿ ಗಂಡನ ಮನಿ ಹಾಳಾದ್ರ ನಿಮ್ಮ ಕಂಪ್ಯೂಟರ್ ಕಟ್ಟಿಕೊಡ್ತೈತೇನು?" ಮೆಟ್ಟು ಹಾಕಿಕೊಂಡು, ಆಧಾರ್ ಕಾರ್ಡು, ಮಗ ಎರಡನ್ನೂ ಎತ್ತಿಕೊಂಡು ಜೀಪು ಹತ್ತಿದಳು. ದಾರಿಯಲ್ಲಿ ಮಗ ಅಳತೊಡಗಿದಾಗ ನಾನು ಒಂದು ಬಿಸ್ಕೀಟು ಪುಡಿಕೆ ಕೊಡಿಸಿದೆ.

ಶಾಲೆಯ ವರಾಂಡದಲ್ಲಿ ಆ ದಿನ ನೆರೆದಷ್ಟು ಜನ ನನ್ನ ಯಾವ ಭಾಷಣಕ್ಕೂ ನೆರೆದಿರಲಿಲ್ಲ. ಇಬ್ಬರು ನೀಲವ್ವರೂ ಅಕ್ಕಪಕ್ಕ ನಿಂತರು. ಸಣ್ಣವಳು ಅಕ್ಕನ ಹೆಗಲಿಗೆ ತಲೆ ಹಚ್ಚಿ, ಹಿಂದಿನ ದಿನದಿಂದ ತಡೆದಿದ್ದ ಅಳುವನ್ನು ಬಿಟ್ಟಳು. ಗಿರಣಿಯ ಹುಸೇನಸಾಬರು ಮುಂದೆ ಬಂದು, "ಕಲ್ಲವ್ವಾರ, ಇವೆರಡೂ ನನ್ನ ಗಿರಣ್ಯಾಗ ಹಿಟ್ಟು ಮೆತ್ತಿಕೊಂಡು ಆಡ್ಯಾವ್ರಿ. ಇಕಿ ಅಕ್ಕವ್ವ, ಅಕಿ ಸಣ್ಣಾಕಿ. ನನ್ನ ಕಣ್ಣಾಣೆ" ಎಂದರು.

ಕಲ್ಲವ್ವ ಆಧಾರ್ ಕಾರ್ಡನ್ನು ಹಿಂದೆ ಮುಂದೆ ನೋಡಿದರು. ಇಬ್ಬರ ಮುಖ ನೋಡಿದರು. ಕೊನೆಗೆ ಬಗ್ಗಿ ಹುಡುಗನನ್ನೇ ಕೇಳಿದರು. "ಯಾರಪಾ ನೀ? ಯಾರ ಮಗಾ ನೀನು?" ಹುಡುಗ ಸುತ್ತ ನೆರೆದ ಜನರನ್ನೆಲ್ಲ ನೋಡಿ, ಬಿಸ್ಕೀಟು ಹಿಡಿದ ಕೈಯಿಂದ ನನ್ನ ಕಡೆ ತೋರಿಸಿದ.

ಮನೆಯೊಳಗೆ ನೀರು ಹೊಕ್ಕ ಜನ ಎರಡು ದಿನದಿಂದ ನಕ್ಕಿರಲಿಲ್ಲ. ಆಗ ನಕ್ಕರು. ಕಲ್ಲವ್ವನೂ ಸೆರಗು ಬಾಯಿಗೆ ಹಚ್ಚಿ ನಕ್ಕರು. ಹುಡುಗ ಹೆದರಿ ಓಡಿಹೋಗಿ ತನ್ನ ತಾಯಿಯ ಸೀರೆಯಲ್ಲಿ ಮುಖ ಮುಚ್ಚಿಕೊಂಡ. ಅದು ದೊಡ್ಡ ನೀಲವ್ವನ ಸೀರೆ. ಕಲ್ಲವ್ವ ಅದನ್ನೂ ಗಮನಿಸಿದರು ಎಂದು ನನಗೆ ಖಾತ್ರಿಯಿದೆ. ಸೊಸೆಯ ಹತ್ತಿರ ಹೋಗಿ ಬುತ್ತಿ ಬಿಚ್ಚಿದರು. "ನಿನ್ನಿ ರೊಟ್ಟಿ, ಒಣಗ್ಯಾವ. ತಿನ್ನು" ಎಂದರು.

ಮುಗಿಯಿತು ಎಂದುಕೊಂಡು ಲ್ಯಾಪ್‌ಟಾಪ್ ಮುಚ್ಚುತ್ತಿದ್ದೆ. ಕಲ್ಲವ್ವ ನನ್ನ ಮೇಜಿಗೆ ಬಂದರು.

"ಇದು ಮೂರೂ ತಾಲೂಕಿನಾಗ ಕಾಣ್ತೈತಿ ಅಂದ್ರಿ. ನಾಳಿ ನರಗುಂದದಾಗ, ನಾಡದು ಗಜೇಂದ್ರಗಡದಾಗ ನಿಮ್ಮಂಥಾವ ಇನ್ನೊಬ್ಬ ತಗದು ಓದ್ತಾನ. ಆಗ ನಾ ಇರೂದಿಲ್ಲ, ಈ ಹುಡಗನೂ ಇರೂದಿಲ್ಲ. ಅಕಿ ಏನ್ ತೋರಸಬೇಕು? ಬರದು ಕೊಡ್ರಿ."

ನಮ್ಮ ವ್ಯವಸ್ಥೆಯನ್ನು ಅಷ್ಟು ಸರಿಯಾಗಿ ಅರ್ಥ ಮಾಡಿಕೊಂಡವರನ್ನು ನಾನು ಹುಬ್ಬಳ್ಳಿಯಲ್ಲೂ ಕಂಡಿಲ್ಲ. ಗಿರಿಜಾ ಸಿಸ್ಟರ್ ತನ್ನ ಬುಕ್ಕಿನಿಂದ ಒಂದು ಹಾಳೆ ಹರಿದುಕೊಟ್ಟಳು. ಬರೆದೆ. ಈ ಪತ್ರ ತರುವ ನೀಲವ್ವ, ಯಲ್ಲಪ್ಪನ ಮಗಳು, ರಾಜೂರಿನ ಸೊಸೆ. ಇವಳ ದಾಖಲೆಯಲ್ಲಿ ಕಾಣುವ ಮೊದಲ ಹೆರಿಗೆ ಇವಳದಲ್ಲ. ಬಿ ಪಾಸಿಟಿವ್ ಅನ್ನುವುದೂ ಇವಳದಲ್ಲ, ಇವಳದು ಓ ನೆಗೆಟಿವ್. ತಪ್ಪು ನನ್ನದು. ಸಹಿ ಮಾಡಿ ಮೊಹರು ಹೊಡೆದೆ. ಕಾಗದ ಬೇಡವೇ ಬೇಡ ಎಂದು ಊರೂರಿಗೆ ಹೇಳಿದವನ ಕೈಯಿಂದ ಕಾಗದ ಬರೆಸಿಕೊಂಡು ಕಲ್ಲವ್ವ ಅದನ್ನು ಎಲೆಅಡಿಕೆಯ ಸಂಚಿಯಲ್ಲಿಟ್ಟುಕೊಂಡರು. ಮುಂದೆ ಗದಗಿನಲ್ಲಿ ಹೆರಿಗೆ ಸಲೀಸಾಗಿ ಆಯಿತು, ಹೆಣ್ಣು ಮಗು.

ಹೊಂದಾಣಿಕೆಯ ನಿಯಮವನ್ನು ಅದೇ ವಾರ ವಾಪಸು ತೆಗೆದೆ. ಅಂಕಿ ಮತ್ತೆ ಕೆಂಪಾಯಿತು. ಮುಖ್ಯಸ್ಥರು ಪೇಡೆಯ ಮಾತು ಎತ್ತಲಿಲ್ಲ. ಆದರೆ ಆಗಲೇ ಕೂಡಿಹೋದ ದಾಖಲೆಗಳನ್ನು ಬಿಡಿಸಬೇಕಲ್ಲ. ಆಗ ತಿಳಿಯಿತು, ಎರಡು ದಾಖಲೆ ಕೂಡಿಸಲು ಒಂದು ಗುಂಡಿ ಒತ್ತಿದರೆ ಸಾಕು, ಬೇರೆ ಮಾಡುವ ಗುಂಡಿಯೇ ಇಲ್ಲ. ಅದಕ್ಕೆ ಅರ್ಜಿ ಬರೆಯಬೇಕು, ಮೂವರು ಸಹಿ ಹಾಕಬೇಕು, ಆಮೇಲೆ ಎಲ್ಲೋ ಯಾರೋ ಕೂತು ಬಿಡಿಸಬೇಕು. ನೀಲವ್ವನ ಅರ್ಜಿಯನ್ನು ನಾನೇ ಬರೆದೆ. 'ಪರಿಶೀಲನೆಯಲ್ಲಿದೆ' ಎಂದು ಉತ್ತರ ಬಂತು. ಮತ್ತೆ ಬರೆದೆ. ಅದೇ ಉತ್ತರ. ಯೋಜನೆಯ ಅವಧಿ ಮುಗಿಯಿತು, ನನಗೂ ಅರವತ್ತಾಯಿತು. ಶಾಲು ಹೊದಿಸಿ ಕಳಿಸಿದರು.

ಹೊಸಬರಿಗೆ ನನ್ನ ಒಂದೇ ಮಾತು. ಮುಂದೆ ಇದನ್ನು ಉಳಿಸಿಕೊಂಡು ಹೋಗುವುದು ಹೇಗೆ ಎಂದು ನಾನು ನೂರು ಪುಟದ ವರದಿ ಬರೆದಿದ್ದೇನೆ. ಯಂತ್ರ ಯಾರು ನೋಡಿಕೊಳ್ಳಬೇಕು, ಕರೆಂಟು ಹೋದರೆ ಏನು, ತರಬೇತಿ ಯಾರಿಗೆ, ಎಲ್ಲ ಇದೆ. ಒಬ್ಬ ಹೆಣ್ಣುಮಗಳು ಬಂದು 'ಇದು ನಾನಲ್ಲ' ಎಂದರೆ ಯಾರು ಕೇಳಿಸಿಕೊಳ್ಳಬೇಕು ಎಂಬುದು ಅದರಲ್ಲಿಲ್ಲ. ನೀವು ಮೊದಲ ಪುಟದಲ್ಲೇ ಅದನ್ನು ಬರೆಯಿರಿ.

ಕಳೆದ ತಿಂಗಳು ಬಿಪಿ ಮಾತ್ರೆ ಬರೆಸಿಕೊಳ್ಳಲು ರೋಣದ ಒಂದು ದವಾಖಾನೆಗೆ ಹೋಗಿದ್ದೆ. ಸಾಲಿನಲ್ಲಿ ನಿಂತಿದ್ದಾಗ "ನಮಸ್ಕಾರ್ರಿ ಸಾಹೇಬ್ರ" ಎಂದಳು ಒಬ್ಬಳು. ಸಣ್ಣ ನೀಲವ್ವ. ಮೈ ತುಂಬಿಕೊಂಡಿದ್ದಾಳೆ, ಮತ್ತೆ ಬಸುರಿ. ಮಗಳು ಶಾಲೆಗೆ ಹೋಗುತ್ತಾಳಂತೆ. ಕಲ್ಲವ್ವ ಹೋದ ವರ್ಷ ತೀರಿಕೊಂಡರಂತೆ. "ಅತ್ತಿ ಇದ್ದಾಗ ನನ್ನ ಭಾಳ ಚಲೋ ನೋಡಿಕೊಂಡ್ರು" ಎಂದಳು.

"ಈಗ ಎಲ್ಲಾ ಸರಿ ಐತಿ ಅಲ್ಲಾ, ದಾಖಲೆ?" ಎಂದು ಕೇಳಿದೆ. ಕೇಳಬಾರದಿತ್ತು.

ಅವಳು ನಕ್ಕಳು. ಪರ್ಸು ತೆಗೆದಳು. ಪ್ಲಾಸ್ಟಿಕ್ ಹಾಳೆಯಲ್ಲಿ ಸುತ್ತಿದ ಅದೇ ಪತ್ರ, ಎಲೆಅಡಿಕೆಯ ಕಲೆ ಸಮೇತ. "ಹೋದ ಸಲ ಗಜೇಂದ್ರಗಡದಾಗ, ಈಗ ಇಲ್ಲಿ, ಇದು ಮೂರನೇ ಬಸಿರೇನು ಅಂತ ಕೇಳ್ತಾರ್ರಿ. ಇದನ್ನ ತೋರಸ್ತೀನಿ. ಓದಿ ಸುಮ್ಮನಾಗ್ತಾರ."

ಮಡಿಚಿ ಮಡಿಚಿ ಹಾಳೆ ನಡುವೆ ಹರಿದಿತ್ತು. ನನ್ನ ಸಹಿ ಎರಡು ತುಂಡಾಗಿತ್ತು, ಮೊಹರಿನ ನೀಲಿ ಮಾಸಿತ್ತು. ಐದು ವರ್ಷದಿಂದ ನನ್ನ ತಪ್ಪನ್ನು ಈ ಹುಡುಗಿ ಪರ್ಸಿನಲ್ಲಿ ಹೊತ್ತು ತಿರುಗುತ್ತಿದ್ದಳು. ನನಗೆ ನಾಚಿಕೆಯಾಯಿತು, ಕಣ್ಣೂ ತುಂಬಿತು.

"ಸಿಕ್ಕಿದ್ದು ಚಲೋ ಆತ್ರಿ" ಎಂದಳು. "ಇನ್ನೊಂದು ಹೊಸಾದು ಬರದು ಕೊಡ್ರಿ. ಇದು ಇನ್ನೊಂದು ಹೆರಿಗಿ ತಡಿಯೂದಿಲ್ಲ."

"ನಾ ರಿಟೈರ್ ಆಗೀನವಾ. ನನ್ನ ಸಹಿ ಈಗ ನಡಿಯೂದಿಲ್ಲ."

"ನೀವು ರಿಟೈರ್ ಆಗೀರಿ," ಎಂದಳು ನೀಲವ್ವ, "ಅದು ಆಗಿಲ್ಲಲ್ರಿ."

ಔಷಧದ ಅಂಗಡಿಯಿಂದ ಒಂದು ಹಾಳೆ ಕೇಳಿ ತಂದೆ. ಅಲ್ಲೇ ಬೆಂಚಿನ ಮೇಲೆ ಕುಳಿತು, ಹಳೆಯದನ್ನು ಮುಂದಿಟ್ಟುಕೊಂಡು, ಒಂದೂ ಅಕ್ಷರ ಬಿಡದೆ ಬರೆದೆ. ತಪ್ಪು ನನ್ನದು ಎಂಬಲ್ಲಿಗೆ ಬಂದಾಗ ಅದನ್ನೂ ಬರೆದು ಸಹಿ ಹಾಕಿದೆ. ಮೊಹರು ಮನೆಯಲ್ಲಿತ್ತು. ನೀಲವ್ವ ಸಾಲಿನಲ್ಲಿ ನನ್ನ ಜಾಗ ಹಿಡಿದಿಟ್ಟುಕೊಂಡಳು, ನಾನು ಹೋಗಿ ತಂದೆ.